ಐದು ಮಂಚ ಖಾಲಿ

ಬೆಳಗ್ಗೆ ಗಂಜಿ ಬಡಿಸುವ ಹೊತ್ತಿಗೆ ಬಂದ ಒಂದು ಫೋನು ಲೋಕಯ್ಯನನ್ನು ಸೌಟಿನ ಸಮೇತ ಅಂಗಳಕ್ಕೆ ಎಳೆಯಿತು.

ಪುಂಜಾಲಕಟ್ಟೆ ಪೇಟೆಯಿಂದ ಸ್ವಲ್ಪ ಒಳಗಿದ್ದ ಆ ಪುಟ್ಟ ವೃದ್ಧಾಶ್ರಮಕ್ಕೆ ಅವನೇ ಮೇನೇಜರು, ಅವನೇ ಅಡುಗೆಯವನು, ಕರೆಂಟು ಹೋದರೆ ಬೀಸಣಿಗೆಯೂ ಅವನೇ. ಫೋನು ಮಾಡಿದವರು ಆಶ್ರಮ ನಡೆಸುವ ಬಂಟ್ವಾಳದ ವ್ಯಾಪಾರಿ ಅಬ್ದುಲ್ ನಾಸಿರ್. ಇಲ್ಲೊಂದು, ಮೂಡುಬಿದಿರೆಯಲ್ಲೊಂದು, ಹೀಗೆ ಎರಡೆರಡು ಆಶ್ರಮ ನಡೆಸುವುದು ಕಷ್ಟ, ಒಂದನ್ನು ಮುಚ್ಚುವುದೇ ಸರಿ, ಮಧ್ಯಾಹ್ನ ಬಂದು ನೋಡಿ ಹೇಳುತ್ತೇನೆ ಅಂದವರೇ ಫೋನು ಇಟ್ಟುಬಿಟ್ಟರು.

ಲೋಕಯ್ಯ ಒಳಗೆ ಬಂದು ನೋಡಿದ. ಎಂಟು ಮಂಚ. ಮೂರರಲ್ಲಿ ಮೂವರು ಅಜ್ಜಿಯರು. ಉಳಿದ ಐದರಲ್ಲಿ ಹಲಸಿನ ಹಪ್ಪಳ ಒಣಗುತ್ತಿತ್ತು. ಮುಚ್ಚುವವರು ಖಾಲಿ ಇರುವುದನ್ನಲ್ಲದೆ ತುಂಬಿರುವುದನ್ನು ಮುಚ್ಚುತ್ತಾರೆಯೇ? ಈ ಕೆಲಸ ಹೋದರೆ ಅವನ ಮಾನವೂ ಹೋಯಿತು. ಮದುವೆಯಾದಂದಿನಿಂದ ಅವನು ಇರುವುದು ಹೆಂಡತಿ ಕುಸುಮನ ತಾಯಿ ಮನೆಯಲ್ಲಿ. ಅಲ್ಲಿ ಅತ್ತೆ ಪೂವಮ್ಮನ ಎದುರು ಅವನು ತಲೆ ಎತ್ತಿ ಉಣ್ಣುತ್ತಿದ್ದದ್ದೇ ಈ ಸಂಬಳದ ಬಲದಿಂದ.

ಆಶ್ರಮದ ಹಿರಿಯಜ್ಜಿ ಮೈಮೂನಮ್ಮ ಫೋನಿನ ಮಾತನ್ನೆಲ್ಲ ಅವನ ಮುಖದಲ್ಲೇ ಓದಿಬಿಟ್ಟರು.

"ಜನ ಇಲ್ಲದಿದ್ರೆ ತಂದ್ರಾಯ್ತು ಮಗಾ. ಮದುವೆಗೆ ನೆರೆಮನೆಯಿಂದ ಪಾತ್ರೆ ತರುದಿಲ್ವಾ? ಹಾಗೆ."

ಲೋಕಯ್ಯ ಸೀದಾ ಬೀಡಿ ಬ್ರಾಂಚಿಗೆ ಓಡಿದ. ಕಟ್ಟಿದ ಬೀಡಿ ಕೊಟ್ಟು ಎಲೆ, ಹೊಗೆಸೊಪ್ಪು ಒಯ್ಯಲು ಊರಿನ ಮುದುಕಿಯರೆಲ್ಲ ಸೇರುವುದು ಅಲ್ಲಿಯೇ. ಸಂಜೆಯ ತನಕ ಬಂದು ಮಂಚದಲ್ಲಿ ಕೂತರೆ ಸಾಕು ಎಂದು ಅಂಗಲಾಚಿದ. ಕೈ ಕಟ್ಟಿ ಕೂತರೆ ನಾಳೆಯ ಬೀಡಿ ಯಾರು ಕೊಡುತ್ತಾರೆ ಎಂದು ಅವರು ಮೂತಿ ತಿರುಗಿಸಿದರು. ಬೀಡಿ ಸುತ್ತುವ ಮೊರ, ಆ ತಡ್ಪೆಯನ್ನೂ ತನ್ನಿ, ಮಧ್ಯಾಹ್ನಕ್ಕೆ ಬಂಗುಡೆ ಮೀನಿನ ಸಾರು ಉಂಟು ಅಂದ. ಬಂಗುಡೆಯ ಹೆಸರು ಕೇಳಿ ನಾಲ್ವರು ಎದ್ದೇಬಿಟ್ಟರು.

ಐದನೆಯವರು ಸಿಗಲಿಲ್ಲ. ಬೇರೆ ದಾರಿಯಿಲ್ಲದೆ ಮನೆಗೆ ಹೋದ. ಕುಸುಮ ಏನೋ ಕೆಲಸಕ್ಕೆಂದು ಬೆಳ್ತಂಗಡಿಗೆ ಹೋಗಿದ್ದಳು. ಪೂವಮ್ಮ ಜಗಲಿಯಲ್ಲಿ ಬೀಡಿ ಸುತ್ತುತ್ತಿದ್ದರು.

"ನನ್ನನ್ನು ಆಶ್ರಮಕ್ಕೆ ಹಾಕುದಾ?" ಅಂದರು, ಕಣ್ಣೆತ್ತದೆ.

ಸಂಜೆಯ ತನಕ ಮಾತ್ರ ಎಂದು ಲೋಕಯ್ಯ ನೂರು ಸಲ ಹೇಳಿದ. ಕೊನೆಗೆ ಅವರು ಎದ್ದದ್ದು ಅಳಿಯನ ಮೇಲಿನ ಪ್ರೀತಿಯಿಂದಲ್ಲ, ಸಾರಿನ ಮೇಲಿನ ಪ್ರೀತಿಯಿಂದ. ತಡ್ಪೆ ತಲೆಯ ಮೇಲಿಟ್ಟು ಹೊರಟ ಅವರನ್ನು ನೆರೆಮನೆಯ ಖದೀಜ, ಎಲ್ಲಿಗೆ ಪೂವಕ್ಕ ಎಂದು ಕೇಳಿದಳು. ಪೂವಮ್ಮ ಸೆರಗಿನಿಂದ ಒಣ ಕಣ್ಣು ಒರಸಿಕೊಂಡು ಅಂದರು:

"ಆಶ್ರಮಕ್ಕೆ. ಅಳಿಯ ಕರ್ಕೊಂಡು ಹೋಗುದು."

ಯಾರು ಏನೇ ಕೇಳಿದರೂ 'ನಾವು ಇಲ್ಲಿಯವರೇ' ಅನ್ನಬೇಕು, ಸತ್ತರೂ ಮಾತು ಬದಲಿಸಬಾರದು ಎಂದು ಲೋಕಯ್ಯ ಐವರಿಗೂ ಗಿಳಿಪಾಠ ಮಾಡಿಸಿದ. ಊಟವಾದ ಮೇಲೆ ನೋಡುತ್ತಾನೆ, ಆಶ್ರಮದ ಮೂವರೂ ಎಲೆ ಕೇಳಿ ಪಡೆದು ಬೀಡಿ ಸುತ್ತಲು ಕೂತಿದ್ದಾರೆ. ಮೈಮೂನಮ್ಮನ ಬೆರಳುಗಳಂತೂ ಗದ್ದೆಗೆ ಇಳಿದ ಗುಬ್ಬಿಗಳ ಹಾಗೆ ಕುಣಿಯುತ್ತಿದ್ದವು. ಆಶ್ರಮ ಹೋಗಿ ಬೀಡಿ ಬ್ರಾಂಚ್ ಆಗಿತ್ತು.

ಅಷ್ಟರಲ್ಲಿ ಕಾರಿನ ಸದ್ದು. ತಡ್ಪೆಗಳೆಲ್ಲ ಮಂಚದಡಿಗೆ ಹೋದವು, ಹೊಗೆಸೊಪ್ಪಿನ ಹುಡಿ ಮೇಲಕ್ಕೆದ್ದಿತು. ನಾಸಿರ್ ಒಳಗೆ ಬಂದಾಗ ಎಂಟೂ ಮಂಚದಿಂದ ಸೀನಿನ ಸ್ವಾಗತ. ಅವರೂ ಎರಡು ಸೀನಿ, ಇಲ್ಲಿ ಶೀತ ಜೋರುಂಟಲ್ಲ ಎಂದು ಮರುಗಿದರು. ಪೂವಮ್ಮನ ಹತ್ತಿರ ಕೂತು, ಸುಖವೇ ಎಂದು ವಿಚಾರಿಸಿದರು.

"ಸುಖ ಸಾಹೇಬ್ರೇ. ಮನೆಯಲ್ಲಿ ಮಗಳು ಉಂಟು. ಅಳಿಯನೂ ಉಂಟು, ಇದ್ದೂ ಇಲ್ಲದ ಹಾಗೆ."

ನಾಸಿರ್ ಕಣ್ಣು ಒದ್ದೆ ಮಾಡಿಕೊಂಡರು. ಲೋಕಯ್ಯನ ಕಣ್ಣೂ ಒದ್ದೆಯಾಯಿತು, ಕಾರಣ ಬೇರೆ.

ಎಲ್ಲ ನೋಡಿ ಮುಗಿಸಿ ನಾಸಿರ್ ಅವನ ಹೆಗಲ ಮೇಲೆ ಕೈಯಿಟ್ಟರು.

"ಲೋಕಯ್ಯರೇ, ಮೂಡುಬಿದಿರೆಯದ್ದು ಮುಚ್ಚಿ ಅಲ್ಲಿಯ ಐದು ಜನರನ್ನು ಇಲ್ಲಿಗೆ ತರುವ ಅಂತ ಇತ್ತು. ಇಲ್ಲಿ ಮಂಚ ಖಾಲಿ ಉಂಟು ಅಂತ ಯಾರೋ ಹೇಳಿದ್ರು. ನೋಡಿದ್ರೆ ಒಂದೂ ಇಲ್ಲ. ಇನ್ನು ಇದನ್ನೇ ಮುಚ್ಚಿ ಇವರನ್ನು ಅಲ್ಲಿಗೆ ಕರ್ಕೊಂಡು ಹೋಗುದು. ಅಲ್ಲಿ ಮನೆ ದೊಡ್ಡದು, ಮೇನೇಜರೂ ಇದ್ದಾರೆ. ನಾಳೆ ಬೆಳಗ್ಗೆ ವ್ಯಾನು ಬರ್ತದೆ."

ಲೋಕಯ್ಯ ಅವರಿಗೆ ಅಡ್ಡ ನಿಂತ. ಸಾಹೇಬ್ರೇ, ಐದು ಜನ ಇಲ್ಲಿಯವರಲ್ಲ, ನಾನೇ ಕಡ ತಂದದ್ದು, ಇವರು ನನ್ನ ಸ್ವಂತ ಅತ್ತೆ ಎಂದು ತೊದಲಿದ.

"ನಾವು ಇಲ್ಲಿಯವರೇ," ಅಂದರು ಐವರೂ ಒಂದೇ ಉಸಿರಿಗೆ. ವ್ಯಾನಿನಲ್ಲಿ ಪುಕ್ಕಟೆ ಮೂಡುಬಿದಿರೆ ನೋಡುವ ಯೋಗವನ್ನು ಯಾರು ಬಿಡುತ್ತಾರೆ? ಪೂವಮ್ಮ ಒಂದು ಹೆಜ್ಜೆ ಮುಂದೆ ಹೋಗಿ, ಈ ಮೇನೇಜರು ಪಾಪ, ಬಿಸಿಲಿಗೆ ತಿರುಗಿ ತಲೆ ಕೆಟ್ಟಿದೆ ಎಂದು ಮರುಕಪಟ್ಟರು. ಅಜ್ಜಿಯರನ್ನು ಕಣ್ಣೆದುರೇ ಹೊರಗೆ ಹಾಕಲು ನೋಡುವವನನ್ನು ನಾಸಿರ್ ಒಂದು ಥರ ನೋಡಿ ಕಾರು ಹತ್ತಿದರು.

ಸಂಜೆ ಲೋಕಯ್ಯ ಮನೆ ತಲುಪುವ ಮೊದಲೇ ಖದೀಜಳ ಸುದ್ದಿ ತಲುಪಿ, ಅಂಗಳದಲ್ಲಿ ಅರ್ಧ ಊರು ನೆರೆದಿತ್ತು. ಕುಸುಮ ಅವನ ಬಟ್ಟೆಯ ಗಂಟನ್ನು ಮೆಟ್ಟಿಲ ಮೇಲಿಟ್ಟಿದ್ದಳು.

"ಅಮ್ಮನ ಮನೆಯಲ್ಲಿ ಇದ್ದುಕೊಂಡು ಅಮ್ಮನನ್ನೇ ಆಶ್ರಮಕ್ಕೆ ಹಾಕಿದ್ರಲ್ಲ. ನೀವೂ ಅಲ್ಲಿಗೇ ಹೋಗಿ."

ಬಾಗಿಲು ಮುಚ್ಚಿತು. ಲೋಕಯ್ಯ ಗಂಟು ಹೊತ್ತು ಆಶ್ರಮಕ್ಕೆ ಮರಳಿದ. ಎಂಟೂ ಮಂಚದಲ್ಲಿ ಅಜ್ಜಿಯರು ಕಂಬಳಿ ಹೊದ್ದು ಹಾಯಾಗಿ ಕಾಲು ಚಾಚಿದ್ದರು. ಕಂಬಳಿಯೊಳಗಿಂದ ಪೂವಮ್ಮ ತಲೆ ಹೊರಹಾಕಿದರು.

"ಇಲ್ಲಿ ಎಲ್ಲ ಭರ್ತಿ. ಮನೆಗೆ ಹೋಗಿ ಮಲಗಿ, ನನ್ನ ಮಂಚ ಖಾಲಿ ಉಂಟಲ್ಲ."