ಮೌನಕ್ಕೆ ಇಪ್ಪತ್ತು ಅಂಕ

ನಾನು ನಲವತ್ತನಾಲ್ಕನೆಯ ವಯಸ್ಸಿನಲ್ಲಿ ವಿಶ್ವವಿದ್ಯಾಲಯ ಸೇರಿ ನಾಟಕದಲ್ಲಿ ಎಂ.ಎ. ಓದುತ್ತಿದ್ದೇನೆ. ದಿನವೂ ಬೆಳಿಗ್ಗೆ ಕೋಟೇಶ್ವರದಲ್ಲಿ ಬಸ್ಸು ಹತ್ತಿ, ಬ್ರಹ್ಮಾವರ ದಾಟಿ ಹೋಗುತ್ತೇನೆ. ತರಗತಿಯ ಉಳಿದವರೆಲ್ಲ ನನ್ನ ಮಗಳ ಓರಗೆಯವರು. ಕೆಲವರು ನನ್ನನ್ನು ಅಕ್ಕ ಎನ್ನುತ್ತಾರೆ, ಕೆಲವರು ಆಂಟಿ ಎನ್ನುತ್ತಾರೆ. ನೆಲದ ಮೇಲೆ ಉರುಳುವ ವ್ಯಾಯಾಮದ ದಿನ ಮಾತ್ರ ಎಲ್ಲರೂ ಒಟ್ಟಿಗೆ ‘ಜಾಗ್ರತೆ’ ಎನ್ನುತ್ತಾರೆ.

ಕಳೆದ ತಿಂಗಳು ನಮ್ಮ ಅಭಿನಯದ ಮೇಡಂ ಒಂದು ಅಭ್ಯಾಸ ಕೊಟ್ಟರು. ಸೂರ್ಯ ಹುಟ್ಟುವುದರಿಂದ ಮುಳುಗುವವರೆಗೆ ಒಂದು ಮಾತೂ ಆಡಬಾರದು. ಬರೆದು ತೋರಿಸಬಾರದು, ಮೊಬೈಲ್ ಮುಟ್ಟಬಾರದು, ಮೊದಲೇ ಯಾರಿಗೂ ತಿಳಿಸಬಾರದು. ಹೇಳುವುದನ್ನೆಲ್ಲ ಮೈಯಿಂದಲೇ ಹೇಳಬೇಕು. ಆ ದಿನದ ಅನುಭವವನ್ನು ಆಮೇಲೆ ಹತ್ತು ನಿಮಿಷ ಅಭಿನಯಿಸಬೇಕು. ಇಪ್ಪತ್ತು ಅಂಕ.

ಇಷ್ಟು ಹೇಳಿ ಮೇಡಂ ನನ್ನ ಕಡೆ ತಿರುಗಿ, “ಜಲಜಾಕ್ಷಿ, ನಿಮಗೆ ಬೇಕಾದರೆ ಅರ್ಧ ದಿನ ಸಾಕು” ಎಂದರು. ತರಗತಿ ನಕ್ಕಿತು. ನನ್ನ ಸ್ವಾಭಿಮಾನ ಎದ್ದು ನಿಂತಿತು. “ಇಡೀ ದಿನವೇ ಮಾಡುತ್ತೇನೆ” ಎಂದೆ. ಎರಡು ದಶಕಕ್ಕೂ ಮೀರಿ ಸಂಸಾರ ಮಾಡಿದ ಹೆಂಗಸಿಗೆ ಕಣ್ಣಲ್ಲೇ ಮಾತಾಡಲು ಬರುವುದಿಲ್ಲವೇ?

ಭಾನುವಾರವನ್ನು ಆರಿಸಿಕೊಂಡೆ. ಹೆದ್ದಾರಿ ಬದಿಯ ನಮ್ಮ ಸಣ್ಣ ಹೋಟೆಲಿಗೆ ಅಂದು ರಜೆ, ಯಜಮಾನರು ಮನೆಯಲ್ಲೇ ಇರುತ್ತಾರೆ. ಎದ್ದವರೇ ಅಡುಗೆಮನೆಗೆ ಬಂದು, “ತಿಂಡಿಗೆ ಎಂತ?” ಎಂದರು.

ನಾನು ಗಾಳಿಯಲ್ಲಿ ಕಾವಲಿ ಇಟ್ಟೆ. ನೀರುದೋಸೆಯ ಹಿಟ್ಟು ಎರಚಿದೆ. ದೋಸೆ ಎಬ್ಬಿಸಿ ನಾಲ್ಕು ಮಡಿಕೆ ಮಾಡಿ ಅವರ ಮುಂದೆ ಹಿಡಿದೆ.

ಅವರು ಗಾಬರಿಯಿಂದ ನೋಡಿದರು. “ಕೈ ಉಳುಕಿತಾ? ಎಣ್ಣೆ ಹಚ್ಚುದಾ?”

ಇಲ್ಲವೆಂದು ತಲೆಯಾಡಿಸಿದೆ. ಅವರು ಏನೋ ಹೊಳೆದವರಂತೆ ಮೆಲ್ಲಗೆ ಹೊರಗೆ ಹೋದರು. ತಿಂಡಿ ಆದ ಮೇಲೆ ತಮ್ಮ ತಟ್ಟೆಯನ್ನು ತಾವೇ ತೊಳೆದರು. ಮದುವೆಯಾದ ಮೇಲೆ ಇದೇ ಮೊದಲು. ನಾನು ಸಿಟ್ಟು ಮಾಡಿಕೊಂಡಿದ್ದೇನೆ ಎಂದು ಅವರು ತೀರ್ಮಾನಿಸಿದ್ದರು.

ಒಂಬತ್ತು ಗಂಟೆಯ ಹೊತ್ತಿಗೆ ನನ್ನ ನಾಲಗೆ ತುರಿಸತೊಡಗಿತ್ತು. ಕೂತಲ್ಲಿ ಕೂರಲಾಗದೆ ಜಗಲಿಯಿಂದ ಬಾವಿಕಟ್ಟೆಗೆ, ಬಾವಿಕಟ್ಟೆಯಿಂದ ಜಗಲಿಗೆ ಓಡಾಡಿದೆ. ಅತ್ತೆ ಹೇಳಿದ್ದಕ್ಕೆ ಉತ್ತರ ಇತ್ತು, ಕಾಗೆ ಕೂಗಿದ್ದಕ್ಕೂ ಇತ್ತು. ಎಲ್ಲವನ್ನೂ ನುಂಗಿ ಹೊಟ್ಟೆ ಭಾರವಾಯಿತು. ಈ ಓಡಾಟ ನೋಡಿ ಯಜಮಾನರ ಧೈರ್ಯ ಕುಸಿಯಿತು. ಬಂದು ಎದುರು ನಿಂತರು.

“ನಿನ್ ಹಸ್ರು ಸೀರೆ ಸುಟ್ಟದ್ದ್ ಇಸ್ತ್ರಿ ಅಂಗಡಿಯವ ಅಲ್ಲ. ನಾನೇ. ಗೊತ್ತಾಯ್ತಲ್ದಾ?”

ನನಗೆ ಗೊತ್ತೇ ಇರಲಿಲ್ಲ. ಆ ಸೀರೆಗಾಗಿ ನಾನು ಇಸ್ತ್ರಿ ಅಂಗಡಿಯ ಮುಂದೆ ನಿಂತು ಊರು ಕೇಳುವಂತೆ ಜಗಳವಾಡಿದ್ದೆ. ಈಗ ಹೇಳಲು ಎಷ್ಟೊಂದು ಇತ್ತು. ಎರಡು ಕೈಯಲ್ಲಿ ತಲೆ ಚಚ್ಚಿಕೊಂಡೆ. “ತಲೆನೋವಾ?” ಎಂದರು.

ಅಷ್ಟರಲ್ಲಿ ಪಕ್ಕದ ಮನೆಯ ಗಿರಿಜಕ್ಕ ರವಿಕೆ ಬಟ್ಟೆ ಹಿಡಿದುಕೊಂಡು ಬಂದರು. “ಹ್ವಾಯ್ ಜಲಜ, ಹೊಲಿಗೆ ಕ್ಲಾಸ್ ಮುಗೂಕ್ ಬಂತಲ್ದಾ? ಮೊದಲ್ನೇ ರವಿಕೆ ನಂದೇ ಆಯ್ಲಿ.”

ಯಾವ ಹೊಲಿಗೆ? ನನಗೆ ಗುಂಡಿ ಹಾಕಲೂ ಬರುವುದಿಲ್ಲ. ಅದನ್ನೇ ತಿಳಿಸಲು ಎರಡೂ ಕೈಗಳನ್ನು ಜೋರಾಗಿ ಬೀಸಿದೆ.

“ಕೈ ಅಷ್ಟ್ ಉದ್ದ ಬ್ಯಾಡ, ಮೊಣಕೈ ವರೆಗೆ ಸಾಕ್” ಎಂದರು ಗಿರಿಜಕ್ಕ.

ನಾನು ಎದೆ ಮುಟ್ಟಿಕೊಂಡು, ಕೈ ಚಾಚಿ, ನಾಟಕದ ರಾಜನಂತೆ ನಿಂತೆ. ನಾನು ಓದುತ್ತಿರುವುದು ಇದನ್ನು ಎಂದು ಅರ್ಥ.

“ಎದೆ ಅಳತೆಗೆ ಹಳೇ ರವಿಕೆ ಒಳಗೇ ಮಡ್ಚಿ ಇಟ್ಟಿದೆ ಮಾರಾಯ್ತಿ” ಎಂದು ಬಟ್ಟೆಯನ್ನು ನನ್ನ ಚಾಚಿದ ಕೈ ಮೇಲೆಯೇ ಹಾಕಿ ಹೋದರು.

ನಾನು ಯಜಮಾನರ ಕಡೆ ತಿರುಗಿದೆ. ಅವರು ನೆಲ ನೋಡುತ್ತಿದ್ದರು. “ನಾಟಕ ಕಲೂಕ್ ಹೋತ್ಲ್ ಅಂದ್ರೆ ಜನ ನೆಗಾಡ್ತ್ರ್ ಅಂತ್ಹೇಳಿ… ಟೈಲರಿಂಗ್ ಅಂದೆ. ಬೈಂದೂರ್ ಅಕ್ಕನಿಗೂ ಹಾಂಗೇ ಹೇಳಿದೆ. ಎಲ್ಲರಿಗೂ.”

ಒಂದೂವರೆ ವರ್ಷ ನಾನು ಊರಿನ ಕಣ್ಣಿಗೆ ಹೊಲಿಗೆ ಕಲಿಯುತ್ತಿದ್ದೆ. ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ಅಳು ಬಂತು. ಮಾತು ಬಿಟ್ಟಿದ್ದೆನಲ್ಲ, ಅತ್ತುಬಿಟ್ಟೆ.

ಅದನ್ನು ನೋಡಿದ ಅತ್ತೆ ಮನೆಯ ಹಿರಿಯರಾಗಿ ಪರಿಸ್ಥಿತಿಯನ್ನು ಕೈಗೆತ್ತಿಕೊಂಡರು. “ಮಾತಿಲ್ಲೆ, ಕೈ ಬೀಸ್ತ್ಲ್, ಕಣ್ಣೀರ್ ಹಾಕಿ ಮರ್ಕ್ತ್ಲ್. ಇದ್ ಸಿಟ್ಟಲ್ಲ ಮಗಾ, ಲಕ್ವ.”

ಮಧ್ಯಾಹ್ನದ ಹೊತ್ತಿಗೆ ಬೈಂದೂರಿನ ಅತ್ತಿಗೆಗೆ ಫೋನ್ ಹೋಯಿತು. ಅವರು ಬಸ್ಸು ಹಿಡಿದು ಸಂಜೆಯ ಹೊತ್ತಿಗೆ ಬಂದೇ ಬಂದರು. ನನ್ನ ಗಲ್ಲ ಹಿಡಿದು, “ನೆಗಾಡ್, ಕಾಂಬ” ಎಂದರು. ಏನೂ ಆಗಿಲ್ಲ ಎಂದು ತೋರಿಸಲು, ತರಗತಿಯಲ್ಲಿ ಕಲಿತಂತೆ ಮುಖದ ಸ್ನಾಯುಗಳನ್ನೆಲ್ಲ ಬಳಸಿ ನಕ್ಕೆ.

“ಅಯ್ಯೋ, ಬಾಯಿ ಸೊಟ್ಟ ಆಯ್ತಲೆ” ಎಂದರು ಅತ್ತಿಗೆ.

ಐದು ನಿಮಿಷದಲ್ಲಿ ಆಟೋ ಬಂತು. ನಾನು ಬಾಗಿಲು ಹಿಡಿದು ಕಾಲು ಝಾಡಿಸಿದೆ. ಅದೂ ರೋಗದ ಲಕ್ಷಣವಾಯಿತು. ಇಲ್ಲಾದರೂ ಬಾಯಿ ತೆರೆಯಬೇಕಿತ್ತು ಎಂದು ನಿಮಗೆ ಅನಿಸಬಹುದು. ನನಗೂ ಅನಿಸಿತು. ಆದರೆ ಇನ್ನು ಒಂದು ಗಂಟೆ ತಡೆದರೆ ಸೂರ್ಯ ಮುಳುಗುತ್ತಿದ್ದ. ಇಷ್ಟೆಲ್ಲ ಅನುಭವಿಸಿ ಅಂಕ ಕಳೆದುಕೊಳ್ಳುವುದೇ? ಮೂವರ ಮುಖದಲ್ಲಿ ಜೀವ ಇರಲಿಲ್ಲ. ಅದನ್ನು ನೋಡಿಯೂ ನಾನು ಅಂಕ ಎಣಿಸುತ್ತಿದ್ದೆ. ಇಂದಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಕುಂದಾಪುರದ ಆಸ್ಪತ್ರೆಯಲ್ಲಿ ಡಾಕ್ಟರು ನನ್ನ ಕಣ್ಣಿಗೆ ಟಾರ್ಚ್ ಬಿಟ್ಟರು, ಮೊಣಕಾಲು ಕುಟ್ಟಿದರು, ಹೆಸರು ಕೇಳಿದರು. ನಾನು ಕಿಟಕಿಯ ಹೊರಗೆ ಸೂರ್ಯನನ್ನು ನೋಡಿದೆ. ಇನ್ನೂ ತೆಂಗಿನ ಮರದ ಎತ್ತರದಲ್ಲಿದ್ದ.

“ತಲೆಯ ಸ್ಕ್ಯಾನ್ ಮಾಡಿಸುವ” ಎಂದ ಡಾಕ್ಟರು ಯಜಮಾನರತ್ತ ತಿರುಗಿದರು. “ಇವರು ಏನು ಕೆಲಸ ಮಾಡ್ತಾರೆ?”

ಅತ್ತಿಗೆ ಥಟ್ಟನೆ, “ಹೊಲಿಗೆ ಕಲೀತ್ಲ್” ಎಂದರು.

ಯಜಮಾನರು ತಲೆ ಎತ್ತಿದರು. “ಅಲ್ಲ ಡಾಕ್ಟ್ರೆ. ನಾಟಕ ಓದ್ತ್ಲ್. ಎಂ.ಎ. ಭಾರೀ ಚಂದ ಪಾರ್ಟ್ ಮಾಡ್ತ್ಲ್.”

ನನಗೆ ತಡೆಯಲಾಗಲಿಲ್ಲ.

“ನೀವ್ ಯಾವತ್ ಕಂಡದ್ದ್?” ಎಂದೆ.

ಡಾಕ್ಟರು ಟಾರ್ಚ್ ಕೆಳಗಿಟ್ಟರು. ಅತ್ತೆ ಕಣ್ಣು ಮುಚ್ಚಿ ಕೈ ಮುಗಿದರು. ನಾನು ಬೆಳಗಿನಿಂದ ಸಂಜೆಯವರೆಗಿನ ಸಂಗತಿಯನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಡಾಕ್ಟರು ಪೂರ್ತಿ ಕೇಳಿ, “ಮಾತು ಬಿಡುವುದು ನಿಮ್ಮ ಆರೋಗ್ಯಕ್ಕೆ ಒಳ್ಳೆಯದಲ್ಲ, ನಿಮ್ಮ ಮನೆಯವರ ಆರೋಗ್ಯಕ್ಕೂ” ಎಂದು ಕಳಿಸಿಕೊಟ್ಟರು. ಹೊರಗೆ ಬಂದಾಗ ಸೂರ್ಯ ಆಗ ತಾನೇ ಮುಳುಗುತ್ತಿದ್ದ.

ಮುಂದಿನ ವಾರ ಅಭಿನಯ. ಯಜಮಾನರು ಹೋಟೆಲಿಗೆ ಬಾಗಿಲು ಹಾಕಿ ನನ್ನೊಂದಿಗೆ ಬಂದರು, ಇಸ್ತ್ರಿ ಹಾಕಿದ ಅಂಗಿ ತೊಟ್ಟು ಮೊದಲ ಸಾಲಿನಲ್ಲೇ ಕೂತರು. ನಾನು ಮಾತಿಲ್ಲದೆ ಅತ್ತೆಯನ್ನು ಮಾಡಿದೆ, ಗಿರಿಜಕ್ಕನನ್ನು ಮಾಡಿದೆ, ಅತ್ತಿಗೆಯನ್ನು ಮಾಡಿದೆ. ಡಾಕ್ಟರನ್ನು ಮಾತ್ರ ನಾಚಿಕೆಯಿಂದ ಬಿಟ್ಟೆ. ಕೊನೆಗೆ ಯಜಮಾನರು. ಅಂದು ಒಳಗೆ ಕರೆಯುವ ಮೊದಲು ಅವರು ಆಸ್ಪತ್ರೆಯ ಬೆಂಚಿನ ಮೇಲೆ, ಆಟೋದಲ್ಲಿ ಬಿದ್ದ ನನ್ನ ಚಪ್ಪಲಿಗಳನ್ನು ಎದೆಗೆ ಹಿಡಿದುಕೊಂಡು ಕೂತಿದ್ದರು. ಆ ಭಂಗಿಯನ್ನು ಮೂರು ನಿಮಿಷ ಕದಲದೆ ಅಭಿನಯಿಸಿದೆ. ಮೊದಲ ಸಾಲಿನಲ್ಲಿ ಯಜಮಾನರು ಕಣ್ಣೊರೆಸಿಕೊಂಡರು. ಮೇಡಂ ಹನ್ನೊಂದು ಅಂಕ ಕೊಟ್ಟರು. ಉಳಿದ ಒಂಬತ್ತು, ಸೂರ್ಯ ಮುಳುಗುವ ಮೊದಲೇ ಆಡಿದೆನೆಂದು ನಾನೇ ಒಪ್ಪಿಕೊಂಡ ಆ ಒಂದು ವಾಕ್ಯಕ್ಕೆ ಹೋಯಿತಂತೆ. ಇರಲಿ, ಒಬ್ಬರಿಗಾದರೂ ನನ್ನ ಕಲೆ ಮುಟ್ಟಿತಲ್ಲ ಎಂದುಕೊಂಡೆ.

ವಾಪಸು ಬಸ್ಸಿನಲ್ಲಿ ಯಜಮಾನರು ನನ್ನ ಪಕ್ಕದಲ್ಲೇ ಕೂತರು. ಸಾಲಿಗ್ರಾಮ ದಾಟಿದ ಮೇಲೆ ನಾನೇ ಕೇಳಿದೆ. “ಹ್ಯಾಂಗಿತ್ತ್?”

“ಕಡೀಗೆ ಮಾಡಿದ್ಯಲೆ, ಅದ್ ಮಾತ್ರ ಥೇಟ್” ಎಂದರು. ಕಣ್ಣು ಒದ್ದೆಯಾಗಿತ್ತು. “ಆ ಡಾಕ್ಟ್ರು. ಎದೆ ಹತ್ರ ಹಿಡ್ಕಂಡದ್ದ್ ಸ್ಟೆತಸ್ಕೋಪ್ ಅಲ್ದಾ?”

ಹೌದು ಎಂದು ತಲೆಯಾಡಿಸಿದೆ.