ಮಿರ್ಚಿ ರಫ್ತು ನಿರ್ಬಂಧ: ಮೂರು ಸರ್ಕಾರಗಳ ಸಹಮತ

ಹರಿಹರದ ಲೇತ್ ವರ್ಕ್‌ಶಾಪ್ ಮಾಲೀಕ ರಜಾಕ್ ಸಾಹೇಬರ ಮಂಡಕ್ಕಿ ಹುರಿಯುವ ಡ್ರಮ್ಮು ಫಿರಂಗಿ ಹೌದೋ ಅಲ್ಲವೋ ಎಂದು ತೀರ್ಮಾನಿಸಲು ರಾಜ್ಯ, ಕೇಂದ್ರ, ಒಂದು ವಿದೇಶ ಹೀಗೆ ಮೂರು ಸರ್ಕಾರಗಳು ಸಮನ್ವಯ ಸಮಿತಿ ರಚಿಸಿದವು. ಬಂದರಿನ ಎಕ್ಸ್‌ರೇಯಲ್ಲಿ ಅದು ಉದ್ದಕ್ಕೆ, ದುಂಡಗೆ, ಬಾಯಿ ತೆರೆದುಕೊಂಡು ಕಂಡಿತ್ತು. ನಿಜವಾದ ಫಿರಂಗಿಗಳು ಸರಿಯಾದ ಕಾಗದಪತ್ರದೊಂದಿಗೆ ಅದೇ ಬಂದರಿನಿಂದ ಹೋಗುತ್ತಲೇ ಇದ್ದವು.

ಡ್ರಮ್ಮು ಹೋಗಬೇಕಿದ್ದದ್ದು ಹೊರದೇಶದಲ್ಲಿ ಮಂಡಕ್ಕಿ ಅಂಗಡಿ ಹಿಡಿದಿದ್ದ ರಜಾಕರ ತಮ್ಮ ನಯೀಮನಿಗೆ. ಅದು ಬಾರದೆ ಅವನ ಅಂಗಡಿ ತೆರೆಯುವಂತಿರಲಿಲ್ಲ.

ಡ್ರಮ್ಮನ್ನು ಹರಿಹರಕ್ಕೆ ವಾಪಸು ತರಿಸಲಾಯಿತು. ಪ್ರತಿನಿಧಿಗಳು ಬಂದು ಒಳಗೆ ಇಣುಕಿದರು, ತಟ್ಟಿ ನೋಡಿದರು. ಸಮಿತಿಯ ಕಾರ್ಯದರ್ಶಿ ವಾಮದೇವಪ್ಪ ‘ಅಪಾಯವಿಲ್ಲ’ ಎಂಬ ಪತ್ರ ಸಿದ್ಧಪಡಿಸಿದರು. ಸಹಿಯೊಂದೇ ಬಾಕಿ. ಅಷ್ಟರಲ್ಲಿ ರಜಾಕರ ಹೆಂಡತಿ ರಶೀದಾ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ತಟ್ಟೆ ಹಿಡಿದು ಬಂದರು.

“ಮಂಡಕ್ಕಿ ಮಿರ್ಚಿ ತಿನ್ನದೆ ಹೋಗ್ತೀರೇನ್ರಿ? ನಮ್ಮ ಮರ್ಯಾದಿ ಏನಾಗಬೇಕು? ಕೂಡ್ರಿ.”

ಮಿರ್ಚಿ ಕಚ್ಚಿದ ವಿದೇಶಿ ಪ್ರತಿನಿಧಿಯ ಕಣ್ಣು ಮೂಗು ಒಟ್ಟಿಗೆ ಹರಿದವು. ಮಾತು ನಿಂತಿತು.

“ನೀರು ಕುಡೀಬ್ಯಾಡ್ರಿ, ಇನ್ನೊಂದು ತಿನ್ರಿ, ಸರಿ ಹೋಗ್ತೈತೆ,” ಎಂದು ರಜಾಕರು ಊರಿನ ಚಿಕಿತ್ಸೆ ಹೇಳಿದರು. ಪಾಪ, ಪ್ರತಿನಿಧಿ ಅದನ್ನೂ ತಿಂದರು.

ದಾವಣಗೆರೆಯಲ್ಲಿ ನಡೆದ ತುರ್ತು ಸಭೆಯ ನಡಾವಳಿ: “ಸದರಿ ವಸ್ತು ಶತ್ರುವನ್ನು ನಿಷ್ಕ್ರಿಯಗೊಳಿಸುತ್ತದೆ, ತದನಂತರ ಶತ್ರುವೇ ಇನ್ನೊಂದನ್ನು ಸೇವಿಸುತ್ತಾನೆ. ಇಂಥ ಆಯುಧ ಯಾವ ಸೇನೆಯಲ್ಲೂ ಇಲ್ಲ.” ಮಿರ್ಚಿಯ ರಫ್ತು ನಿರ್ಬಂಧಿಸಲಾಯಿತು. ಮಂಡಕ್ಕಿಯಿಲ್ಲದೆ ಮಿರ್ಚಿಯ ಪ್ರಯೋಗ ಅಪೂರ್ಣವಾದ್ದರಿಂದ ಡ್ರಮ್ಮಿಗೂ ಮೊಹರು ಬಿತ್ತು.

“ನನ್ನ ತಮ್ಮನ ಹೊಟ್ಟೆಪಾಡು ಐತ್ರಿ ಅದ್ರಾಗೆ,” ಎಂದರು ರಜಾಕರು.

“ಮೂರು ಸರ್ಕಾರ ಒಂದು ಮಾತಿಗೆ ಬಂದಾವ್ರಿ,” ಎಂದರು ವಾಮದೇವಪ್ಪ. “ಕೆಡಿಸಬ್ಯಾಡ್ರಿ.”

ವರ್ಷಕ್ಕೊಮ್ಮೆ ಮರುಪರೀಕ್ಷೆ ಎಂದು ನಿಯಮವಾಯಿತು. ಮಿರ್ಚಿ ತಿಂದೂ ವರದಿ ಬರೆಯಬಲ್ಲ ತಜ್ಞನಿಗಾಗಿ ವಿದೇಶಿ ಸರ್ಕಾರ ತನ್ನ ದೇಶವೆಲ್ಲ ಹುಡುಕಿತು. ಸಿಕ್ಕವನು ನಯೀಮ್.

ಸರ್ಕಾರಿ ಕಾರಿನಲ್ಲಿ ಹರಿಹರಕ್ಕೆ ಬಂದಿಳಿದ ನಯೀಮ್ ಅತ್ತಿಗೆ ಕರಿದ ಮಿರ್ಚಿಯನ್ನು ಒಂದರ ಮೇಲೊಂದು ತಿಂದ. ಕಣ್ಣು ಒದ್ದೆಯಾಗಲಿಲ್ಲ. ರಜಾಕರಿಗೆ ಹೋದ ಜೀವ ಬಂದಂತಾಯಿತು. ನಯೀಮ್ ಕೈ ಒರೆಸಿಕೊಂಡು ಬರೆದ: “ಅತ್ಯಂತ ಅಪಾಯಕಾರಿ. ನಿರ್ಬಂಧ ಮುಂದುವರಿಸತಕ್ಕದ್ದು.”

“ಯಾಕೋ ಹಂಗ್ ಬರ್ದೆ? ನಿನ್ನ ಅಂಗಡಿ ಗತಿ ಹೆಂಗೆ?”

“ತೆರೀಲೇ ಇಲ್ಲ, ಬಿಟ್ಟುಕೊಟ್ಟೆ ಭಾಯ್. ಇದ್ರಾಗೆ ಪಗಾರ ಐತೆ, ಕಾರ್ ಐತೆ. ನಿರ್ಬಂಧ ಇರೋತನಕ ನೌಕ್ರಿ.”

ರಜಾಕರು ಮೊಹರು ಬಿದ್ದ ಡ್ರಮ್ಮನ್ನು ನೋಡಿದರು, ತಮ್ಮನನ್ನು ನೋಡಿದರು. ಆಮೇಲೆ ಒಳಗೆ ಮುಖ ಮಾಡಿ ಕೂಗಿದರು:

“ರಶೀದಾ, ಮುಂದಿನ ವರ್ಷ ಇನ್ನೂ ಖಾರದ ಮೆಣಸಿನಕಾಯಿ ತರಬೇಕು ನೋಡು.”