ಹನ್ನೊಂದು ತಿಂಗಳು ಆರಿಸಿದ ಚಾಕು

ಬೈಲಹೊಂಗಲಕ್ಕೆ ಒಂದು ಫೋನು ಮಾಡಬೇಕಾಗಿತ್ತು, ಮಾಡಲಿಲ್ಲ. ನನ್ನ ತಪ್ಪು ಇಷ್ಟೇ. ಕೇಳಲು ಸಣ್ಣದು. ಆದರೆ ಆ ತಪ್ಪನ್ನು ಸಾಸಿವೆ ಡಬ್ಬಿಯಲ್ಲಿ ಮುಚ್ಚಿಟ್ಟು, ಒಂಬತ್ತು ತಿಂಗಳು ಅದೇ ಡಬ್ಬಿಗೆ ಕೈಹಾಕಿ ಒಗ್ಗರಣೆ ಕೊಟ್ಟವಳು ನಾನು. ಅದರ ಭಾರ ನನಗೇ ಗೊತ್ತು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಹೇಳುವುದು ಹಿಂದುಮುಂದಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮಣ್ಣ ಹೆಂಡತಿಯನ್ನು ಒಪ್ಪಿದ್ದು ಒಂದು ತಟ್ಟೆ ಉಪ್ಪಿಟ್ಟು ಮುಗಿಯುವುದರೊಳಗೆ. ಕಿಸೆಯಲ್ಲಿಡುವ ಒಂದು ಚಾಕು ಆರಿಸಲು ಮಾತ್ರ ಅವನಿಗೆ ಹನ್ನೊಂದು ತಿಂಗಳು ಬೇಕಾದವು! ಅತ್ತಿಗೆ ಈ ಲೆಕ್ಕವನ್ನು ಇವತ್ತಿಗೂ ಮರೆತಿಲ್ಲ.

ಅಣ್ಣ ಬೈಲಹೊಂಗಲದ ಒಂದು ಬಟ್ಟೆ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಕೆಲಸಕ್ಕಿದ್ದಾನೆ. ಬೇರೆಯವರಿಗೆ ಐದು ನಿಮಿಷದಲ್ಲಿ ಸೀರೆ ಆರಿಸಿಕೊಟ್ಟು ಕಳಿಸುತ್ತಾನೆ. ಒಂದು ದಿನ ಎದುರಿನ ಮಕ್ತುಮಸಾಬನ ಹಾರ್ಡ್‌ವೇರ್ ಅಂಗಡಿಗೆ ಮಡಚುವ ಚಾಕುಗಳು ಬಂದವು. ಒಂದೇ ಹಿಡಿಯೊಳಗೆ ಅಲಗು, ಕತ್ತರಿ, ಸ್ಕ್ರೂ ತಿರುಗಿಸುವುದು, ಡಬ್ಬಿ ಕೊರೆಯುವುದು, ಹಲ್ಲುಕಡ್ಡಿ ಎಲ್ಲ. ಅದನ್ನು ನೋಡಿದ್ದೇ ಅಣ್ಣನಿಗೆ ತನ್ನ ಕಿಸೆ ಇಷ್ಟು ವರ್ಷ ಖಾಲಿ ಇತ್ತೆಂದು ಅರಿವಾಯಿತು. ದಿನಾ ಮಧ್ಯಾಹ್ನ ಊಟವಾದ ಮೇಲೆ ಅಲ್ಲಿ ಹೋಗಿ ನಿಲ್ಲುವನು. ಒಂದರ ಅಲಗು ಉದ್ದವಾಯಿತು, ಮಂದಿ ಹೆದರುತ್ತಾರೆ. ಇನ್ನೊಂದರದು ಗಿಡ್ಡವಾಯಿತು, ಉಳ್ಳಾಗಡ್ಡಿಯೂ ಹೆದರುವುದಿಲ್ಲ. ಮತ್ತೊಂದಕ್ಕೆ ಬಾಟಲಿಯ ಬುಚ್ಚು ಕೀಳುವ ಸುರುಳಿ ಇತ್ತು. ಕೊರಳಲ್ಲಿ ಲಿಂಗ ಕಟ್ಟಿದವನ ಕಿಸೆಯಲ್ಲಿ ಅದು ಇದ್ದರೆ ನೋಡಿದವರು ಏನೆಂದಾರು?

ಎರಡು ತಿಂಗಳು ತಡೆದುಕೊಂಡ ಮಕ್ತುಮಸಾಬ ಕೊನೆಗೆ ಕೇಳಿದನಂತೆ. “ಯಜಮಾನ್ರ, ನೀವು ಚಾಕು ನೋಡಾಕ ಬರತೀರೋ, ಹೆಣ್ಣ ನೋಡಾಕ ಬರತೀರೋ?”

“ಹೆಣ್ಣ ನೋಡಾಕ ಹೋದಾಗ ಉಪ್ಪಿಟ್ಟರ ಕೊಟ್ಟಿದ್ರು. ನೀ ಚಾ ಸೈತ ಕೊಡವಲ್ಲಿ” ಎಂದ ಅಣ್ಣ.

ಅವತ್ತಿನಿಂದ ಚಹವೂ ಶುರುವಾಯಿತು, ಚಾಕು ಇನ್ನೂ ತಡವಾಯಿತು.

ಆಮೇಲೆ ತೂಕದ ಚಿಂತೆ ಬಂತು. ದಿನವೂ ಕಿಸೆಯಲ್ಲಿರಬೇಕಾದ ವಸ್ತು, ಅಂಗಿ ಜೋತುಬಿದ್ದರೆ? ಅಂಗಡಿಯ ತಕ್ಕಡಿಯಲ್ಲಿ ಚಾಕು ತೂಗಿಸಿ, ಅಷ್ಟೇ ತೂಕಕ್ಕೆ ಬಟ್ಟೆ ಸಾಬೂನು ಕತ್ತರಿಸಿ, ಅದನ್ನು ಎದೆಯ ಕಿಸೆಯಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ತಿರುಗಾಡಿದ. ಕಲ್ಲು ಇಟ್ಟುಕೊಳ್ಳಬಾರದಿತ್ತೇ ಎಂದರೆ, ಕಲ್ಲು ಕಿಸೆ ಹರಿಯುತ್ತದಂತೆ. ಕಿತ್ತೂರಿಗೆ ಹೋದ ದಿನ ಬಸ್ಸಿನಿಂದ ಇಳಿಯುವಷ್ಟರಲ್ಲಿ ದಬದಬ ಮಳೆ. ಅಣ್ಣ ನೆನೆದುಕೊಂಡೇ ಓಡಿ ಬಸ್‌ಸ್ಟ್ಯಾಂಡಿನೊಳಗೆ ಹೋಗಿ ನಿಂತ. ಪಕ್ಕದಲ್ಲಿದ್ದ ಹೆಣ್ಣುಮಗಳು ಅವನನ್ನು ನೋಡಿ ಎರಡು ಹೆಜ್ಜೆ ಸರಿದಳು.

“ಯಜ್ಜಾರ, ನಿಮ್ಮ ಎದಿ ಉಕ್ಕಾಕತ್ತೇತಿ ನೋಡ್ರಿ.”

ಅಣ್ಣ ಬಗ್ಗಿ ನೋಡಿಕೊಂಡ. ಕಿಸೆಯಿಂದ ಬುರುಗು ಹೊಟ್ಟೆಯವರೆಗೆ ಇಳಿದಿತ್ತು. “ಏನಿಲ್ಲವಾ, ಇದು ಚಾಕು. ಇನ್ನೂ ತಗೊಂಡಿಲ್ಲ” ಎಂದನಂತೆ. ಆ ತಾಯಿ ಮುಂದಿನ ಬಸ್ಸು ಎಲ್ಲಿಗೆ ಹೋಗುತ್ತದೆಂದು ಕೇಳದೆ ಹತ್ತಿದಳು.

ರಾಮದುರ್ಗದಲ್ಲಿ ಚಿಕ್ಕಪ್ಪನ ಮಗನಿಗೆ ಹೆಣ್ಣು ನೋಡಲು ಹೋದಾಗಲೂ ಇದೇ ಕತೆ. ಹುಡುಗಿ ಬಂದು ಕುಳಿತಳು, ಅಣ್ಣ ಮಾತ್ರ ಕಾಣಿಸಲಿಲ್ಲ. ನೋಡಿದರೆ ಟೀಪಾಯಿಯ ಕೆಳಗಿದ್ದಾನೆ! ನೆಂಟರಿಷ್ಟರ ಮನೆಗಳಲ್ಲಿ ಯಾವ ಅಳತೆಯ ಸ್ಕ್ರೂಗಳು ಹೆಚ್ಚಾಗಿವೆ ಎಂದು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದನಂತೆ. ಹುಡುಗಿಯ ಅಪ್ಪ ಅಭಿಪ್ರಾಯ ಕೇಳಿದರೆ, ಕೆಳಗಿನಿಂದಲೇ ಉತ್ತರ ಬಂತು: “ಹುಡುಗಿ ಭಾಳ ಛಲೋ ಅದಾಳ್ರಿ. ಟೀಪಾಯಿ ಒಂದೀಟ ಸಡ್ಲ ಐತಿ.”

ಕೊನೆಗೆ ಕೊಂಡ. ಯಾವುದು? ಮೊದಲನೆಯ ದಿನ ಮಕ್ತುಮಸಾಬ ತೋರಿಸಿದ್ದ ಮೊದಲನೆಯ ಚಾಕು! ಸುರುಳಿಯೂ ಇದ್ದದ್ದೇ. ಒದ್ದೆ ಹಗ್ಗದ ಗಂಟು ಬಿಚ್ಚಲು ಅದರಂಥದ್ದು ಇನ್ನೊಂದಿಲ್ಲ ಎಂದು ಈಗ ಅವನೇ ಎಲ್ಲರಿಗೂ ಹೇಳುವನು. ನಿಶ್ಚಯದ ದಿನ ಆ ಟೀಪಾಯಿ ಬಿಗಿಯಾಯಿತು. ಬಸ್ಸಿನ ಅಲುಗಾಡುವ ಸೀಟು, ಹೂಲಿಯ ಬೀಗರ ಕುಕ್ಕರಿನ ಹಿಡಿಕೆ, ಕಂಡವರ ಕನ್ನಡಕ, ಯಾವುದನ್ನೂ ಅವನು ಬಿಡಲಿಲ್ಲ. ಯಾರೂ ಕರೆದಿರಲಿಲ್ಲ, ಅಣ್ಣನೇ ಹುಡುಕಿಕೊಂಡು ಹೋಗುತ್ತಿದ್ದ.

ಇನ್ನು ನನ್ನ ಪಾಲಿನ ಕತೆ.

ನಮ್ಮ ಮನೆ ಕಟಕೋಳದಲ್ಲಿ. ಹೋದ ವರ್ಷ ಜೋಳ ಚೀಲಕ್ಕೆ ತುಂಬುವ ದಿನ ಅಣ್ಣ ಬಂದಿದ್ದ. ಸುತಳಿ ಕತ್ತರಿಸಲು ಚಾಕು ಕೇಳಿದೆ. ನಮ್ಮಲ್ಲಿ ಚಾಕು, ಉಪ್ಪು, ಮೆಣಸಿನಕಾಯಿ ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳವಾಗುತ್ತದೆ ಎಂಬ ಭಯ. ಕೆಳಗಿಡಬೇಕು, ಮತ್ತೊಬ್ಬರು ಎತ್ತಿಕೊಳ್ಳಬೇಕು. ಅಣ್ಣನಿಗಂತೂ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಅವನು ಕಟ್ಟೆಯ ಮೇಲಿಟ್ಟ, ನಾನು ಎತ್ತಿಕೊಂಡೆ. ಕೆಲಸ ಮುಗಿದ ಮೇಲೆ ಅವನು ಎತ್ತಿಕೊಳ್ಳಲೆಂದು ಎದುರಿನ ಚೀಲದ ಜೋಳದ ಮೇಲೆಯೇ ಇಟ್ಟೆ. ಅವನೋ, ಏಣಿ ಹೇಗೆ ಹಿಡಿಯಬೇಕೆಂದು ನಮ್ಮ ಮನೆಯವರಿಗೆ ಪಾಠ ಹೇಳುವುದರಲ್ಲಿ ಮುಳುಗಿದ್ದ. ಅಷ್ಟರಲ್ಲಿ ಇನ್ನೆರಡು ಬುಟ್ಟಿ ಜೋಳ ಬಿತ್ತು. ನಾನೇ ದಬ್ಬಣ ತೆಗೆದುಕೊಂಡು ಚೀಲದ ಬಾಯಿ ಹೊಲಿದೆ.

ಮರುದಿನ ಬೆಳಿಗ್ಗೆ ಬೈಲಹೊಂಗಲದಿಂದ ಫೋನು. “ತಂಗೆವ್ವಾ, ಚಾಕು ಅಲ್ಲೇ ಬಿಟ್ಟೀನೇನು?”

ಎಲ್ಲಿಟ್ಟೆನೆಂದು ನನಗೆ ನೆನಪಾಗಲಿಲ್ಲ. ಹನ್ನೊಂದು ತಿಂಗಳು ಆರಿಸಿದ ಚಾಕು! ನಾನು ಕಳೆದೆ ಎಂದು ಹೇಳಲು ಬಾಯಿ ಬರಲಿಲ್ಲ. “ಇಲ್ಲಣ್ಣ, ನೀ ಕಿಸೆದಾಗ ಇಟ್ಕೊಂಡಿ. ನಾ ಕಣ್ಣಾರೆ ನೋಡೇನಿ” ಎಂದುಬಿಟ್ಟೆ.

ಅಣ್ಣ ನನ್ನ ಮಾತು ನಂಬಿದ. ನಂಬಿ ತನ್ನ ತಲೆಯನ್ನು ನಂಬುವುದು ಬಿಟ್ಟ. ತನಗೆ ಮರೆವು ಶುರುವಾಗಿದೆ ಎಂದು ಎಲ್ಲದಕ್ಕೂ ದಾರ ಕಟ್ಟತೊಡಗಿದ. ಕನ್ನಡಕಕ್ಕೆ ದಾರ, ಪೆನ್ನಿಗೆ ದಾರ, ಫೋನಿಗೆ ಪಾಯಿಜಾಮದ ಲಾಡಿ. ಸವದತ್ತಿಯಲ್ಲಿ ಒಂದು ಮದುವೆಯ ಪಂಕ್ತಿಯಿಂದ ಎದ್ದರೆ ಹಿಂದೆ ಛತ್ರಿಯೂ ಚೀಲವೂ ಸಾಲಾಗಿ ಹೊರಟವು. ಮಂದಿ ನಕ್ಕರು. ನಾನೂ ನಕ್ಕೆ, ದೇವರಾಣೆ.

ನಾಲ್ಕು ತಿಂಗಳ ಮೇಲೆ ಆ ಚೀಲ ಬಿಚ್ಚಿ ಜೋಳ ಹಸನು ಮಾಡುವಾಗ ಮೊರದಲ್ಲಿ ಠಣ್ಣೆಂದಿತು. ಆಗಲೇ ಫೋನು ಮಾಡಬೇಕಾಗಿತ್ತು. ನಾಳೆ ಮಾಡಿದರಾಯಿತೆಂದು ಸಾಸಿವೆ ಡಬ್ಬಿಯಲ್ಲಿಟ್ಟೆ. ನಾಳೆ ಮಿಕ್ಸರಿನ ಸ್ಕ್ರೂ ಸಡಿಲವಾಯಿತು, ಬಿಗಿದುಕೊಂಡೆ. ನಾಡಿದ್ದು ಹಾಲಿನ ಪಾಕೀಟು ಕತ್ತರಿಸಿದೆ. ಸುಳ್ಳೇಕೆ ಹೇಳಲಿ, ಅಣ್ಣ ಸುಮ್ಮನೆ ಹನ್ನೊಂದು ತಿಂಗಳು ತೆಗೆದುಕೊಂಡಿರಲಿಲ್ಲ. ಬಲು ಒಳ್ಳೆಯ ಚಾಕು!

ಹೋದ ತಿಂಗಳು ಅಣ್ಣ ಬಂದ. ಮಿಕ್ಸರ್ ಅಲುಗಾಡಿಸಿ ನೋಡಿ, ಸ್ಕ್ರೂ ಯಾರು ಬಿಗಿದರೆಂದು ಕೇಳಿದ. ನಮ್ಮ ಮನೆಯವರು ಎಂದೆ. ಉಪ್ಪಿನಕಾಯಿ ಬರಣಿಯ ಮುಚ್ಚಳ ತೆಗೆಯಲಾಗದ ನಮ್ಮ ಮನೆಯವರನ್ನು ಅಣ್ಣ ಅರ್ಧ ತಾಸು ಹೊಗಳಿದ. ಅವರೂ ಹೊಗಳಿಸಿಕೊಂಡರು.

ಆಮೇಲೆ ಚಹ ಕುಡಿಯುತ್ತ, ಯಾವುದೋ ಊರಿನ ಸುದ್ದಿ ಹೇಳಿದಂತೆ ಹೇಳಿದ: “ಅಂಗಡಿ ಕೀಲಿ ಮಾಲಕರಿಗೆ ವಾಪಸ್ ಕೊಟ್ಟ ಬಂದೆ ತಂಗಿ. ನೀನ ಇಟ್ಕೋ ಅಂದ್ರು ಅವರು, ನಾನ ಒಲ್ಲೆ ಅಂದೆ. ಮರಿಯೋ ಮನಷ್ಯಾನ ಕೈಯಾಗ ಕೀಲಿ ಇರಬಾರದು.”

ಇಪ್ಪತ್ತು ವರ್ಷ ಅವನ ಸೊಂಟದಲ್ಲಿದ್ದ ಕೀಲಿ ಅದು. ಅವನು ಹೊರಡುವ ಮುಂಚೆ ಕಿಸೆಯಿಂದ ಒಂದು ಚೀಟಿ ತೆಗೆದು, ಒಂದೊಂದಾಗಿ ನೋಡಿ, ಕನ್ನಡಕ ಮುಟ್ಟಿಕೊಂಡ, ಛತ್ರಿ ಮುಟ್ಟಿಕೊಂಡ. ಆಮೇಲೆ ನನ್ನತ್ತ ತಿರುಗಿ, ಮೊಣಕಾಲು ನೋವು ಈಗ ಹೇಗಿದೆ ಎಂದು ಕೇಳಿದ. ಚೀಟಿಯ ಮೇಲೆ ನನ್ನ ಕಣ್ಣು ಬಿತ್ತು. ಕನ್ನಡಕ, ಛತ್ರಿ ಎಂದು ಬರೆದಿದ್ದರ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದುಕೊಂಡಿದ್ದ: ತಂಗಿಯ ಮೊಣಕಾಲು ಕೇಳುವುದು.

ಒಳಗೆ ಹೋದೆ. ಡಬ್ಬಿಗೆ ಕೈಹಾಕಿದೆ. ಸಾಸಿವೆ ಅಡುಗೆಮನೆಯ ತುಂಬ ಚೆಲ್ಲಿತು. ಚಾಕು ಹಿಡಿದು ಅಣ್ಣನ ಮುಂದೆ ನಿಂತು ಕೈ ಚಾಚಿದೆ.

ಅಣ್ಣ ಚಾಕು ನೋಡಿದ, ನನ್ನ ಮುಖ ನೋಡಿದ. ಎಲ್ಲಿ ಸಿಕ್ಕಿತೆಂದೂ ಕೇಳಲಿಲ್ಲ. ಕೈ ಹಿಂದಕ್ಕೆ ಸರಿಸಿ, “ಕೆಳಗ ಇಡವಾ. ನಮ್ಮಿಬ್ಬರಾಗ ಜಗಳ ಬ್ಯಾಡ” ಎಂದ.

ನಾನು ಅವನ ಅಂಗೈ ಹಿಡಿದೆಳೆದು, ಚಾಕು ಅದರಲ್ಲಿಟ್ಟು, ಬೆರಳು ಮಡಚಿದೆ.

“ಜಗಳಾಡಣ್ಣ. ನೀ ಏನೂ ಮರತಿದ್ದಿಲ್ಲ. ಕಿಸೆದಾಗ ಇಟ್ಕೊಂಡಿದ್ದ ನೋಡೇನಿ ಅಂತ ನಾನ ಸುಳ್ಳ ಹೇಳೇನಿ. ನಂದ ತಪ್ಪಾತಣ್ಣಾ.”